ಶುಶ್ರೂಷಕಿಯ ಸಂಬಳ

ರೋಗಶುಶ್ರೂಷೆಯ ನಾನಾ ಶಾಖೆಗಳು ಬೆಂಗಳೂರಿನ ಸುದ್ದಗುಂಟೆಪಾಳ್ಯದ ಆಸುಪಾಸಿನಲ್ಲಿ ನೆಲೆಗೊಂಡಿರುವಷ್ಟು ಒತ್ತಾಗಿ ಕನ್ನಡನಾಡಿನ ಬೇರೆ ಕಡೆ ಕಾಣಸಿಗುವುದು ವಿರಳ. ಡೈರಿ ವೃತ್ತವನ್ನು ದಾಟಿ ಹೊಸೂರು ರಸ್ತೆಯ ಕಡೆಗೆ ತಿರುಗಿದರೆ, ಅರ್ಬುದರೋಗದ ಚಿಕಿತ್ಸೆಗೆಂದು 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯೂ, ಅದರ ನೆರೆಯಲ್ಲಿಯೇ, ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇವೆರಡೂ 1974ರಲ್ಲಿ ಒಂದುಗೂಡಿ ರೂಪುಗೊಂಡ ನಿಮ್ಹಾನ್ಸೂ, ಅಲ್ಲಿಂದ ಸ್ವಲ್ಪ ದೂರದಲ್ಲಿ ಮಕ್ಕಳಿಗಾಗಿ ಇಂದಿರಾ ಗಾಂಧಿ ಸಂಸ್ಥೆಯೂ, ಅಪಘಾತಕ್ಕೆ ಸಿಕ್ಕಿ ಕೈಕಾಲು ಮುರಿದುಕೊಂಡವರಿಗಾಗಿ ಸಂಜಯ ಗಾಂಧಿ ಸಂಸ್ಥೆಯೂ ಎದುರಾಗುತ್ತವೆ. ಬನ್ನೇರುಘಟ್ಟ ರಸ್ತೆಯ ಕಡೆಗೆ ಹೊರಳಿದರೆ ಜಯದೇವ ಹೃದ್ರೋಗ ಸಂಸ್ಥೆ, ಅದರಾಚೆ ದೊಡ್ಡ ದೊಡ್ಡ ಖಾಸಗಿ ಆಸ್ಪತ್ರೆಗಳು. ಒಳಗಿನ ಅಡ್ಡರಸ್ತೆಗಳಲ್ಲಿ ಹತ್ತಿಪ್ಪತ್ತು ಹಾಸಿಗೆಗಳ ನರ್ಸಿಂಗ್ ಹೋಮುಗಳು. ಇವೆಲ್ಲದರಲ್ಲಿಯೂ ದುಡಿಯುವ ಸಿಸ್ಟರುಗಳು ಓದಿದ್ದು ಹೆಚ್ಚುಕಡಿಮೆ ಒಂದೇ ಪಾಠಕ್ರಮವನ್ನು: ಮೂರು ವರ್ಷದ ಜಿ.ಎನ್.ಎಂ. ಅಥವಾ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್. ಪದವಿಯನ್ನು ಕೊಟ್ಟದ್ದು ಬಹುಮಟ್ಟಿಗೆ ಜಯನಗರದಲ್ಲಿಯೇ ಇರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಇಷ್ಟೆಲ್ಲ ಸಮಾನವಾಗಿದ್ದರೂ ತಿಂಗಳ ಕೊನೆಯಲ್ಲಿ ಅವರ ಕೈಗೆ ಬರುವ ಹಣದಲ್ಲಿ ಒಂದಕ್ಕೆ ಮೂರರಷ್ಟು ಅಂತರವಿರಬಲ್ಲುದು.

ಈ ಅಂತರಕ್ಕೆ ಕಾರಣ ಕೆಲಸದ ಕಾಠಿಣ್ಯವೆಂದು ಹೊರಗಿನವರು ಊಹಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ನಮ್ಮಲ್ಲಿ ಶುಶ್ರೂಷಕಿಯ ವೇತನವನ್ನು ಮೊದಲು ನಿರ್ಣಯಿಸುವುದು ಆಕೆಯ ಯಜಮಾನನು ಯಾರೆಂಬುದು. ಬಳಿಕ ಆಕೆ ಇರುವ ಊರು. ಕಟ್ಟಕಡೆಗೆ, ಅದೂ ಅತ್ಯಲ್ಪವಾಗಿ, ಆಕೆ ಅರಿತ ವಿಶೇಷ ವಿದ್ಯೆ. ನಿಮ್ಹಾನ್ಸಿನಂತಹ ಕೇಂದ್ರ ಸಂಸ್ಥೆಯಲ್ಲಿ ಶುಶ್ರೂಷಾಧಿಕಾರಿಯ ಹುದ್ದೆ ಏಳನೆಯ ಕೇಂದ್ರ ವೇತನ ಆಯೋಗದ ಏಳನೆಯ ಶ್ರೇಣಿಗೆ ಸೇರಿದ್ದು. ಮೂಲವೇತನ ಆರಂಭದಲ್ಲಿಯೇ 44,900 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಶುಶ್ರೂಷಾ ಭತ್ಯೆ. ರಾಜ್ಯ ಸರ್ಕಾರದ ಕಾಯಂ ಶುಶ್ರೂಷಕಿಗೆ ರಾಜ್ಯದ ಏಳನೆಯ ವೇತನ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಅನ್ವಯವಾಗಿವೆ. ಅದೇ ವಾರ್ಡಿನಲ್ಲಿ ಅದೇ ಪಾಳಿಯಲ್ಲಿ ಪಕ್ಕದಲ್ಲಿಯೇ ನಿಂತು ಕೆಲಸ ಮಾಡುವ ಗುತ್ತಿಗೆಯ ಶುಶ್ರೂಷಕಿಗಾದರೋ ಒಟ್ಟುಮೊತ್ತದ ಸಂಬಳ ಮಾತ್ರ. ವಾರ್ಷಿಕ ಬಡ್ತಿಯೂ ಇಲ್ಲ, ನಿವೃತ್ತಿಯ ಭದ್ರತೆಯೂ ಇಲ್ಲ. ಸಮಾನ ಕೆಲಸಕ್ಕೆ ತಾತ್ಕಾಲಿಕ ನೌಕರರಿಗೂ ಸಮಾನ ವೇತನ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರ ಅಕ್ಟೋಬರಿನಲ್ಲಿ, ಪಂಜಾಬಿನ ಮೊಕದ್ದಮೆಯೊಂದರಲ್ಲಿ, ಸ್ಪಷ್ಟವಾಗಿ ಹೇಳಿದ್ದರೂ ಆ ಮಾತು ಆಸ್ಪತ್ರೆಯ ಹಾಜರಿ ಪುಸ್ತಕದವರೆಗೆ ಬಂದು ಮುಟ್ಟಿಲ್ಲ.

ವಿಶೇಷ ವಿಭಾಗಗಳ ಮಾತನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕೀಮೋ ಕೊಡುವ ಶುಶ್ರೂಷಕಿಯನ್ನು ತೆಗೆದುಕೊಳ್ಳೋಣ. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧವುಂಟು. ಅದು ರಕ್ತನಾಳದೊಳಗೆ ಹರಿದರೆ ಮದ್ದು, ನಾಳದಿಂದ ಹೊರಕ್ಕೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಟ್ಟು ಹುಣ್ಣಾಗಿಸುವ ವಿಷ. ಆದಕಾರಣ ಆಕೆ ಸಿರಿಂಜನ್ನು ಮೆಲ್ಲಮೆಲ್ಲನೆ ಒತ್ತುತ್ತ, ಕೆಲವೇ ಮಿಲಿಲೀಟರಿಗೊಮ್ಮೆ ಹಿಂದಕ್ಕೆಳೆದು ರಕ್ತ ಬರುವುದೇ ಎಂದು ಪರೀಕ್ಷಿಸುತ್ತ, ಎಷ್ಟೋ ಸೂಜಿಗಳನ್ನು ಕಂಡು ಗಡುಸಾದ ನಾಳದ ಮೇಲೆ ಕಣ್ಣಿಟ್ಟು, ರೋಗಿಯ ಮುಖದಲ್ಲಿ ಉರಿಯ ಸುಳಿವೇನಾದರೂ ಮೂಡಿತೇ ಎಂಬುದನ್ನೂ ಗಮನಿಸುತ್ತಿರಬೇಕು. ನರಶಸ್ತ್ರಚಿಕಿತ್ಸೆಯ ಐಸಿಯುವಿನಲ್ಲಿ ಇರುವವಳು ಗಂಟೆಗೊಮ್ಮೆ ರೋಗಿಯ ಕಣ್ಣಿಗೆ ಬೆಳಕು ಬಿಟ್ಟು ಎರಡು ಪಾಪೆಗಳೂ ಸಮನಾಗಿ ಕುಗ್ಗುವುವೇ ಎಂದು ನೋಡಿ, ಮೂರರಿಂದ ಹದಿನೈದರವರೆಗಿನ ಪ್ರಜ್ಞಾಮಾನದಲ್ಲಿ ಅಂಕವನ್ನು ಬರೆದಿಡುತ್ತಾಳೆ. ಆ ಅಂಕ ಎರಡು ಇಳಿದುದನ್ನು ಆಕೆ ಕಾಣದೆ ಹೋದರೆ ವೈದ್ಯನು ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಇಂತಹ ಜ್ಞಾನಕ್ಕೆ ನಮ್ಮ ವೇತನಪಟ್ಟಿ ಕೊಡುವ ಬೆಲೆಯೇನು? ಕೇಂದ್ರ ಸರ್ಕಾರವು 2017ರಲ್ಲಿ ಭತ್ಯೆಗಳನ್ನು ಪರಿಷ್ಕರಿಸಿದಾಗ ಎಲ್ಲ ಶುಶ್ರೂಷಕಿಯರಿಗೂ ಸಲ್ಲುವ ಶುಶ್ರೂಷಾ ಭತ್ಯೆಯನ್ನು 4,800ರಿಂದ 7,200 ರೂಪಾಯಿಗೆ ಏರಿಸಿತು. ಶಸ್ತ್ರಚಿಕಿತ್ಸಾಗಾರದ ಭತ್ಯೆಯನ್ನು 360ರಿಂದ 540ಕ್ಕೆ. ಅಂದರೆ ವಿಶೇಷ ವಿಭಾಗದ ಹೊಣೆಗೆಂದು ಪ್ರತ್ಯೇಕವಾಗಿ ಸಂದದ್ದು ತಿಂಗಳಿಗೆ ಐನೂರನಲವತ್ತು ರೂಪಾಯಿ, ದಿನಕ್ಕೆ ಹದಿನೆಂಟು. ಇದನ್ನು ಓದಿದಾಗ ನನಗಾದ ವ್ಯಥೆ ಇನ್ನೂ ಹೋಗಿಲ್ಲ.

ಇದರ ಮೂಲವು ಹುದ್ದೆಗಳ ರಚನೆಯಲ್ಲಿದೆ. ತೀವ್ರನಿಗಾ, ಅರ್ಬುದ, ನವಜಾತ ಶಿಶು, ಮನೋರೋಗ ಮೊದಲಾದ ಶಾಖೆಗಳಲ್ಲಿ ಒಂದು ವರ್ಷದ ಡಿಪ್ಲೊಮಾಗಳುಂಟು. ತೀವ್ರನಿಗಾ ಶುಶ್ರೂಷೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣವೂ ಉಂಟು. ಆದರೆ ಆ ವಿದ್ಯೆಗೆ ತಕ್ಕ ಪ್ರತ್ಯೇಕ ಹುದ್ದೆಯನ್ನು ಆಸ್ಪತ್ರೆಗಳು ಬಹುತೇಕ ಸೃಷ್ಟಿಸಿಲ್ಲ. ಅಮೆರಿಕದಲ್ಲಿ ಅರಿವಳಿಕೆ ಕೊಡುವ ಶುಶ್ರೂಷಕಿಗೆ ಬೇರೆಯೇ ಪರವಾನಗಿ, ಬೇರೆಯೇ ಅಧಿಕಾರ. ಆದ್ದರಿಂದಲೇ 2023ರಲ್ಲಿ ಅಲ್ಲಿನ ಸಾಮಾನ್ಯ ಶುಶ್ರೂಷಕಿಯ ಸರಾಸರಿ ವಾರ್ಷಿಕ ವೇತನ ಸುಮಾರು 94,000 ಡಾಲರ್ ಇದ್ದಾಗ ಆಕೆಯದು ಎರಡು ಲಕ್ಷ ಡಾಲರನ್ನು ಮೀರಿತ್ತು. ಕಾನೂನು ಗುರುತಿಸಿದ ವಿದ್ಯೆಗೆ ಮಾತ್ರ ಬೆಲೆ ಏರುತ್ತದೆ.

ಖಾಸಗಿ ಆಸ್ಪತ್ರೆಗಳ ವಿಷಯದಲ್ಲಿ 2016ರ ಜನವರಿ 29ರಂದು ಸರ್ವೋಚ್ಚ ನ್ಯಾಯಾಲಯವು ಶುಶ್ರೂಷಕಿಯರ ಸಂಘದ ಮೊಕದ್ದಮೆಯಲ್ಲಿ ಕೊಟ್ಟ ನಿರ್ದೇಶನದಂತೆ ತಜ್ಞರ ಸಮಿತಿಯೊಂದು ನೇಮಕವಾಯಿತು. ಅದು ವೇತನವನ್ನು ಹಾಸಿಗೆಗಳ ಸಂಖ್ಯೆಯಿಂದ ಅಳೆಯಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ರಾಜ್ಯ ಸರ್ಕಾರದ ಅದೇ ದರ್ಜೆಯ ಶುಶ್ರೂಷಕಿಯ ವೇತನಕ್ಕೆ ಸಮನಾಗಿರಬೇಕು; ನೂರರಿಂದ ಇನ್ನೂರರವರೆಗೆ ಇದ್ದರೆ ಶೇಕಡ 10ಕ್ಕಿಂತ, ಐವತ್ತರಿಂದ ನೂರರವರೆಗೆ ಇದ್ದರೆ ಶೇಕಡ 25ಕ್ಕಿಂತ ಹೆಚ್ಚು ಕಡಿಮೆಯಾಗಕೂಡದು; ಐವತ್ತಕ್ಕೂ ಕಡಿಮೆಯಾದಲ್ಲಿ 20,000 ರೂಪಾಯಿಗಿಂತ ಕೆಳಗೆ ಇಳಿಯಕೂಡದು. ಕೇರಳದ ಶುಶ್ರೂಷಕಿಯರು ಮುಷ್ಕರ ಹೂಡಿ 2018ರಲ್ಲಿ ಆ ಇಪ್ಪತ್ತು ಸಾವಿರವನ್ನು ಕನಿಷ್ಠ ವೇತನದ ಅಧಿಸೂಚನೆಯೊಳಕ್ಕೆ ತಂದುಕೊಂಡರು. ಸಂಘಟನೆಯಿಲ್ಲದೆ ಶಿಫಾರಸು ತನ್ನಷ್ಟಕ್ಕೆ ಕಾನೂನಾಗುವುದಿಲ್ಲವೆಂಬುದಕ್ಕೆ ನೆರೆರಾಜ್ಯದ ಈ ದೃಷ್ಟಾಂತ ಸಾಕು. ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ತೆರೆದ ಸನ್ಯಾಸಿನಿಯರ ಕಾಲದಿಂದ ಶುಶ್ರೂಷೆಯನ್ನು ಸೇವೆಯೆಂದು ಗೌರವಿಸುವುದು ನಮ್ಮಲ್ಲಿ ರೂಢಿ. ಸನ್ಯಾಸಿನಿಗೆ ಮಠವೇ ಅನ್ನವಸ್ತ್ರಗಳನ್ನು ಕೊಡುತ್ತಿತ್ತು, ಮನೆಗೆ ಹಣ ಕಳಿಸಬೇಕಾದ ಹೆಣ್ಣುಮಗಳಿಗೆ ಆ ಗೌರವದಿಂದ ಬಾಡಿಗೆ ಕಟ್ಟಲಾಗದು.

ಇನ್ನು ಊರಿನ ಮಾತು. ಕೇಂದ್ರದ ನಿಯಮದಲ್ಲಿ ಬೆಂಗಳೂರು ಮೊದಲ ವರ್ಗದ ನಗರ, ಕಲಬುರಗಿ ಎರಡನೆಯ ವರ್ಗದ್ದು. ಮನೆ ಬಾಡಿಗೆ ಭತ್ಯೆ 2024ರಿಂದ ಇಲ್ಲಿ ಮೂಲವೇತನದ ಶೇಕಡ 30, ಅಲ್ಲಿ 20, ಚಿಕ್ಕ ಊರುಗಳಲ್ಲಿ 10. ಹೀಗಾಗಿ ನಿಮ್ಹಾನ್ಸಿಗೆ ಹೊಸದಾಗಿ ಸೇರಿದವಳಿಗೆ 13,470 ರೂಪಾಯಿ ಬಂದರೆ ಕಲಬುರಗಿಯ ಇ.ಎಸ್.ಐ. ಆಸ್ಪತ್ರೆಯಲ್ಲಿ ಅದೇ ಶ್ರೇಣಿಯವಳಿಗೆ 8,980 ಬರುತ್ತದೆ. ಈ ಲೆಕ್ಕವು ಬಾಡಿಗೆಯನ್ನು ಅಳೆಯುತ್ತದೆಯೇ ಹೊರತು ಕಷ್ಟವನ್ನು ಅಳೆಯುವುದಿಲ್ಲ. ವೈದ್ಯರೇ ನಿಲ್ಲದ ದೂರದ ತಾಲೂಕಿನಲ್ಲಿ ರಾತ್ರಿಯಿಡೀ ಒಬ್ಬಳೇ ಹೆರಿಗೆ ವಾರ್ಡನ್ನು ನೋಡಿಕೊಳ್ಳುವವಳಿಗೆ ಅತ್ಯಂತ ಕಡಿಮೆ ಭತ್ಯೆ ಸಲ್ಲುವುದು ಇದರಿಂದಲೇ. ಲಂಡನ್ನಿನ ಒಳನಗರದ ಸರ್ಕಾರಿ ಶುಶ್ರೂಷಕಿಗೆ ಮೂಲವೇತನದ ಮೇಲೆ ಶೇಕಡ 20ರ ಹೆಚ್ಚಳ ಸಲ್ಲುವುದೂ, ಕ್ಯಾಲಿಫೋರ್ನಿಯದ ಸರಾಸರಿ ದಕ್ಷಿಣ ಡಕೋಟದ ಸರಾಸರಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿರುವುದೂ ಊರಿನ ಬೆಲೆ ಎಲ್ಲೆಡೆ ಉಂಟೆಂಬುದನ್ನು ತೋರಿಸುತ್ತವೆ. ಆದರೆ ಖಾಸಗಿ ಕೆಲಸಕ್ಕೆಂದು ಹಳ್ಳಿಯಿಂದ ಬಂದು ಪಾಳ್ಯದ ಪಿ.ಜಿ.ಯೊಂದರಲ್ಲಿ ಮೂವರೊಡನೆ ಕೋಣೆ ಹಂಚಿಕೊಂಡವಳಿಗೆ ನಗರದ ಹೆಚ್ಚುವರಿ ಸಂಬಳವು ಹಾಸಿಗೆಗೂ ಊಟಕ್ಕೂ ಸಂದು ಮುಗಿಯುತ್ತದೆ.

ಹಾಗಿದ್ದೂ ಇಂತಹ ಶುಶ್ರೂಷಕಿಯರು ಕಡಿಮೆ ಸಂಬಳದ ಐಸಿಯುವನ್ನೇ ಹುಡುಕಿಕೊಂಡು ಬರುತ್ತಾರೆ. ಏಕೆಂದರೆ ಹೊರದೇಶದ ಆಸ್ಪತ್ರೆಗಳು ಕೇಳುವುದು ಅಂತಹ ವಿಭಾಗದ ಅನುಭವಪತ್ರವನ್ನು. ವಿಶೇಷ ವಿದ್ಯೆಯ ಬೆಲೆ ನಮ್ಮ ಊರಿನಲ್ಲಿ ಹುಟ್ಟಿ ರಿಯಾದಿನಲ್ಲಿಯೋ ಲಂಡನ್ನಿನಲ್ಲಿಯೋ ನಗದಾಗುತ್ತದೆ. ಆಕೆ ಹೋದ ಮೇಲೆ ಇಲ್ಲಿನ ವೆಂಟಿಲೇಟರಿನ ಪಕ್ಕಕ್ಕೆ ಮತ್ತೊಬ್ಬ ಹೊಸಬಳು ಬಂದು ನಿಲ್ಲುತ್ತಾಳೆ. ಅನುಭವಿಗಳನ್ನು ಉಳಿಸಿಕೊಳ್ಳಬೇಕೆಂಬ ಆಸ್ಪತ್ರೆಯು ಐಸಿಯು ಮತ್ತು ಕೀಮೋ ವಿಭಾಗಗಳಿಗೆ ಪ್ರತ್ಯೇಕ ವೃಂದವನ್ನೇ ರಚಿಸುವುದು ಅವಶ್ಯವೆಂದು ನನ್ನ ದೃಢವಾದ ಅಭಿಪ್ರಾಯ.

ಹೊಸದಾಗಿ ಕೆಲಸಕ್ಕೆ ಸೇರುವ ತಂಗಿಯರು ಸಂಬಳದ ಅಂಕಿಯೊಂದನ್ನೇ ಕೇಳಿ ಒಪ್ಪಿಕೊಳ್ಳಬಾರದು. ಆಸ್ಪತ್ರೆಯ ಹಾಸಿಗೆಗಳೆಷ್ಟು, ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರೇನು, ತಿಂಗಳಿಗೆ ನೈಟ್ ಡ್ಯೂಟಿ ಎಷ್ಟು, ಐಸಿಯುವಿನಲ್ಲಿ ಒಬ್ಬಳಿಗೆ ಎಷ್ಟು ರೋಗಿಗಳು, ಭವಿಷ್ಯನಿಧಿ ಕಟ್ಟುತ್ತಾರೆಯೇ ಎಂಬುದನ್ನೆಲ್ಲ ಕೇಳಿ ಬರಹದಲ್ಲಿಯೇ ಪಡೆಯಬೇಕು. ಮೂಲ ಪ್ರಮಾಣಪತ್ರಗಳನ್ನು ತೋರಿಸಿ, ನಕಲುಗಳನ್ನು ಕೊಟ್ಟು, ಮೂಲವನ್ನು ಅಂದೇ ಹಿಂದಕ್ಕೆ ತೆಗೆದುಕೊಂಡು ಬರಬೇಕು.