ಹಿತ್ತಿಲ ಗ್ರಿಲ್‌ಗೆ ಕೊಳವೆಯ ಅನಿಲ

ಅಮೆರಿಕ ಮತ್ತು ಕೆನಡಾದ ಮನೆಗಳ ಹಿತ್ತಿಲಿನಲ್ಲಿ ಬೇಸಗೆಯುದ್ದಕ್ಕೂ ಉರಿಯುವ ಅನಿಲದ ಗ್ರಿಲ್, ಅಂದರೆ ಬರ್ನರುಗಳ ಮೇಲೆ ಲೋಹದ ಸರಳುಗಳ ಜಾಲರಿಯನ್ನಿಟ್ಟು ಮುಚ್ಚಳದಡಿಯಲ್ಲಿ ಆಹಾರವನ್ನು ಸುಡುವ ಒಲೆ, ಸಾಮಾನ್ಯವಾಗಿ ಎರಡು ಇಂಧನಗಳಲ್ಲಿ ಒಂದನ್ನು ಬಳಸುತ್ತದೆ: ಸಿಲಿಂಡರಿನಲ್ಲಿ ದ್ರವರೂಪದಲ್ಲಿ ಬರುವ ಪ್ರೊಪೇನ್, ಇಲ್ಲವೇ ನೆಲದಡಿಯ ಕೊಳವೆಯಲ್ಲಿ ಮನೆಗೆ ಹರಿದುಬರುವ ನೈಸರ್ಗಿಕ ಅನಿಲ. ಎರಡನೆಯದನ್ನು ಆಯ್ದವರಿಗೆ ಅಡುಗೆಯ ನಡುವೆ ಸಿಲಿಂಡರ್ ಬರಿದಾಗುವ ಚಿಂತೆಯಿಲ್ಲವಾದರೂ, ಒಲೆಯನ್ನು ಕೊಳವೆಯ ತುದಿಯಿಂದ ದೂರ ಒಯ್ಯಲಾಗದ ಕಾರಣ, ಅದನ್ನು ಎಲ್ಲಿಡಬೇಕೆಂಬುದು ಯಾವುದನ್ನು ಕೊಳ್ಳಬೇಕೆಂಬುದಕ್ಕಿಂತ ಮೊದಲೇ ತೀರ್ಮಾನವಾಗಬೇಕು. ಕೊಳವೆಯನ್ನು ಗೋಡೆಯಾಚೆಗೆ ವಿಸ್ತರಿಸುವ ಖರ್ಚು ಕೆಲವೊಮ್ಮೆ ಗ್ರಿಲ್‌ನ ಬೆಲೆಯನ್ನೇ ಮೀರಬಹುದು.

ಈ ಎರಡು ಇಂಧನಗಳ ಗುಣ ಒಂದೇ ಅಲ್ಲ. ನೈಸರ್ಗಿಕ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್ ಇದ್ದು, ಅದರ ಒಂದು ಘನ ಅಡಿ ಸುಮಾರು 1,000 ಬಿಟಿಯು ಶಾಖವನ್ನು ಕೊಟ್ಟರೆ, ಅಷ್ಟೇ ಪ್ರೊಪೇನ್ ಸುಮಾರು 2,500 ಬಿಟಿಯು ಕೊಡುತ್ತದೆ. ಒಂದು ಪೌಂಡ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಏರಿಸಲು ಬೇಕಾದ ಶಾಖವೇ ಒಂದು ಬಿಟಿಯು. ಆದ್ದರಿಂದ ಸಮನಾದ ಶಾಖಕ್ಕೆ ನೈಸರ್ಗಿಕ ಅನಿಲ ಹೆಚ್ಚು ಪ್ರಮಾಣದಲ್ಲಿ ಹರಿಯಬೇಕಾಗುತ್ತದೆ, ಅದಕ್ಕೆಂದೇ ಅದರ ಜೆಟ್, ಅಂದರೆ ಅನಿಲ ಹೊರಚಿಮ್ಮುವ ಸಣ್ಣ ರಂಧ್ರ, ಹಿಗ್ಗಿರುತ್ತದೆ. ಆ ಹಿಗ್ಗಿದ ಜೆಟ್ಟಿಗೆ ಪ್ರೊಪೇನ್ ಸಿಲಿಂಡರನ್ನು ಜೋಡಿಸಿದರೆ ಜ್ವಾಲೆ ಅಪಾಯಕರವಾಗಿ ಭುಗಿಲೇಳುತ್ತದೆ. ಬೆಂಗಳೂರಿನ ಮನೆಗಳು ಸಿಲಿಂಡರಿನಿಂದ ಕೊಳವೆ ಅನಿಲಕ್ಕೆ ಬದಲಾಗುವಾಗ ತಂತ್ರಜ್ಞರು ಒಲೆಯ ಜೆಟ್ಟುಗಳನ್ನು ಬದಲಿಸುವುದೂ ಇದೇ ಕಾರಣಕ್ಕೆ. ಗ್ರಿಲ್‌ನ ವಿಷಯದಲ್ಲಿ ಇಂಥ ಪರಿವರ್ತನೆಗೆ ಅನೇಕ ತಯಾರಕರು ಅನುಮತಿಯನ್ನೇ ಕೊಡುವುದಿಲ್ಲವಾದ್ದರಿಂದ, ನೈಸರ್ಗಿಕ ಅನಿಲಕ್ಕೆಂದೇ ತಯಾರಾದ ಮಾದರಿಯನ್ನು ಮೊದಲಿಗೇ ಕೊಳ್ಳುವುದು ಉತ್ತಮ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವ ಬಿಟಿಯು ಸಂಖ್ಯೆ ಒಲೆ ಗಂಟೆಗೆ ಎಷ್ಟು ಅನಿಲ ಸುಡಬಲ್ಲದೆಂಬುದನ್ನು ಹೇಳುತ್ತದೆಯೇ ಹೊರತು ಜಾಲರಿ ಎಷ್ಟು ಕಾಯುತ್ತದೆಂಬುದನ್ನಲ್ಲ. ಆ ಸಂಖ್ಯೆಯನ್ನು ಜಾಲರಿಯ ವಿಸ್ತೀರ್ಣದಿಂದ ಭಾಗಿಸಿ ನೋಡಬೇಕು: 360 ಚದರ ಅಂಗುಲದ ಜಾಲರಿಗೆ 30,000 ಬಿಟಿಯು ಇದ್ದರೆ ಪ್ರತಿ ಚದರ ಅಂಗುಲಕ್ಕೆ ಸುಮಾರು 83 ಸಿಗುತ್ತದೆ, 700 ಚದರ ಅಂಗುಲಕ್ಕೆ 48,000 ಇದ್ದರೆ 69 ಮಾತ್ರ. ಹೀಗೆ ಚಿಕ್ಕ ಸಂಖ್ಯೆಯ ಒಲೆಯೇ ಹೆಚ್ಚು ಕಾವು ಕೊಡಬಹುದು. ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಈ ಲೆಕ್ಕವೂ ನಿಲ್ಲುವುದಿಲ್ಲ. ದೊಡ್ಡ ಸಂಖ್ಯೆಗೆ ಮತ್ತೊಂದು ತೊಡಕೂ ಇದೆ. ಗಂಟೆಗೆ 40,000 ಬಿಟಿಯು ಎಂದರೆ ಸುಮಾರು 40 ಘನ ಅಡಿ ಅನಿಲ, ಮನೆಯ ಹೀಟರಿಗೂ ಬಿಸಿನೀರಿಗೂ ಹಂಚಿಹೋಗುವ ಕೊಳವೆ ಅಷ್ಟನ್ನು ಹೆಚ್ಚುವರಿಯಾಗಿ ಪೂರೈಸಬಲ್ಲದೇ ಎಂಬುದನ್ನು ಪರವಾನಗಿ ಪಡೆದ ಕೆಲಸಗಾರರೇ ಅಳೆದು ಹೇಳಬೇಕು.

ಬರ್ನರುಗಳು ಕನಿಷ್ಠ ಎರಡು, ಸಾಧ್ಯವಾದರೆ ಮೂರು ಇದ್ದು, ಪ್ರತಿಯೊಂದಕ್ಕೂ ಬೇರೆ ತಿರುಗುಗುಂಡಿ ಇರಬೇಕು. ಗೊಜ್ಜಿಗಾಗಿ ಇಡೀ ಬದನೆಕಾಯಿಯನ್ನು ಸುಡುವವರಿಗೆ ಇದರ ಬೆಲೆ ತಕ್ಷಣ ತಿಳಿಯುತ್ತದೆ: ಸಿಪ್ಪೆ ಕಪ್ಪಾಗುವಷ್ಟು ಹೊತ್ತು ಉರಿಯ ನೇರಕ್ಕಿಟ್ಟು, ಬಳಿಕ ಬರ್ನರ್ ಆರಿಸಿದ ಬದಿಗೆ ಸರಿಸಿ ಮುಚ್ಚಳ ಹಾಕಿದರೆ ತಿರುಳು ನಿಧಾನವಾಗಿ ಬೇಯುತ್ತದೆ. ಉರಿಯುವ ಅನಿಲಕ್ಕೆ ತನ್ನದೇ ಆದ ಹೊಗೆಯ ಪರಿಮಳವಿಲ್ಲ. ಎಣ್ಣೆ ಅಥವಾ ಕೊಬ್ಬು ಬರ್ನರಿನ ಮೇಲಿನ ಕಾದ ಲೋಹದ ಪಟ್ಟಿಗಳ ಮೇಲೆ ತೊಟ್ಟಿಕ್ಕಿ ಆವಿಯಾಗಿ ಮೇಲೇರುವುದರಿಂದಲೇ ಸುಟ್ಟ ರುಚಿ ಮೂಡುತ್ತದೆ. ಹಿಂದೆ ಲಾವಾ ಕಲ್ಲುಗಳು ಮಾಡುತ್ತಿದ್ದ ಈ ಕೆಲಸಕ್ಕೆ ವೆಬರ್ ಸಂಸ್ಥೆ 1985ರ ಜೆನೆಸಿಸ್ ಮಾದರಿಯಲ್ಲಿ ಅಂಥ ಪಟ್ಟಿಗಳನ್ನು ಅಳವಡಿಸಿತು.

ಲೋಹದಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ನಿಕ್ಕಲ್ ಬೆರೆತದ್ದಾದ್ದರಿಂದ ಅಗ್ಗದ 430 ದರ್ಜೆಗಿಂತ ತುಕ್ಕನ್ನು ಹೆಚ್ಚು ತಡೆಯುತ್ತದೆ. ಎರಕದ ಕಬ್ಬಿಣದ ಜಾಲರಿ ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಎಣ್ಣೆ ಸವರಿ ಕಾಪಾಡಬೇಕು. ಹಣ ಮಿತವಾಗಿದ್ದರೆ ಹೊಳೆಯುವ ಕಪಾಟಿಗಿಂತ ಬರ್ನರಿನ ಲೋಹಕ್ಕೆ ಅದು ಸಲ್ಲಲಿ.

ಮೀಥೇನ್ ಗಾಳಿಗಿಂತ ಹಗುರವಾದ್ದರಿಂದ ಮುಚ್ಚಳದಡಿಯಲ್ಲಿ ಸಂಗ್ರಹವಾಗುತ್ತದೆ, ಹೀಗಾಗಿ ಮುಚ್ಚಳ ತೆರೆದೇ ಕಿಡಿ ಹೊತ್ತಿಸಬೇಕು. ಉರಿಯುವಾಗ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಹುಟ್ಟಬಹುದಾದ ಕಾರಣ ಗ್ಯಾರೇಜಿನೊಳಗೆ, ಮಳೆಯ ದಿನದಲ್ಲೂ, ಇದನ್ನು ಬಳಸಕೂಡದು. ಹೊಸ ಜೋಡಣೆಯಾದಾಗಲೂ ಪ್ರತಿ ವರ್ಷದ ಮೊದಲ ಬಳಕೆಗೆ ಮುನ್ನವೂ ಅನಿಲ ಹರಿಯುತ್ತಿರುವಾಗ ಕೀಲುಗಳಿಗೆ ಸಾಬೂನು ನೀರು ಹಚ್ಚಿ ನೋಡಿ, ಗುಳ್ಳೆಯೆದ್ದರೆ ಕೊಳವೆಯ ಕವಾಟ ಮುಚ್ಚಿ, ಸೋರಿಕೆ ಸರಿಯಾಗುವವರೆಗೆ ಒಲೆ ಹಚ್ಚಬಾರದು.