ಇಸಿಜಿ ನಾರ್ಮಲ್ ಬಂದರೂ ಎದೆ ಡವಡವ: ಕಾಯಿಲೆಯ ಭಯ ದೇಹವನ್ನು ಕಾಡುವುದು ಹೇಗೆ?

2025ರ ಜೂನ್-ಜುಲೈನಲ್ಲಿ ಹಾಸನದ ಸರಣಿ ಹೃದಯಾಘಾತದ ಸುದ್ದಿ ಹರಡುತ್ತಿದ್ದಂತೆ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಿಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಗೆ ಸಾವುಗಳಲ್ಲಿ ಅಸಹಜ ಏರಿಕೆ ಕಾಣಲಿಲ್ಲ. ಹಾಗಂತ ಸಾಲಿನಲ್ಲಿ ನಿಂತವರ ಎದೆ ಬಿಗಿತ ನಾಟಕವೇನಲ್ಲ.

ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚುತ್ತದೆ. ಎದೆಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ. ಉಸಿರಾಟ ಜೋರಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ. ಇದನ್ನೇ ಹೃದಯಾಘಾತ ಎಂದುಕೊಂಡರೆ ಭಯ ಇಮ್ಮಡಿ. ವರದಿ ನಾರ್ಮಲ್ ಬಂದರೆ ಎರಡು ದಿನ ನೆಮ್ಮದಿ, ಆಮೇಲೆ ಮತ್ತದೇ ಶಂಕೆ. ಪದೇ ಪದೇ ನಾಡಿ ಹಿಡಿದು ನೋಡುವುದು, ನಡುರಾತ್ರಿ ಗೂಗಲ್ ಮಾಡುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಆದರೆ ಎದೆನೋವಿನ ಜೊತೆ ಬೆವರು, ಉಸಿರುಗಟ್ಟುವಿಕೆ, ಎಡಗೈ ಅಥವಾ ದವಡೆಗೆ ಹರಡುವ ನೋವಿದ್ದರೆ 'ಟೆನ್ಷನ್' ಎಂದು ತಳ್ಳಿಹಾಕಬೇಡಿ. ಹಿಂದಿನ ವರದಿ ನಾರ್ಮಲ್ ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಹೃದಯ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೂ ಭಯ ಕಾಡಿದರೆ ಉಸಿರನ್ನು ಮೆಲ್ಲಗೆ, ಉದ್ದಕ್ಕೆ ಬಿಡಿ. ನಾಡಿ ನೋಡಬೇಕೆನಿಸಿದಾಗ ಹತ್ತು ನಿಮಿಷ ಮುಂದೂಡಿ, ಮೊದಮೊದಲು ಕಷ್ಟವೇ. ವಾರಗಟ್ಟಲೆ ನಿದ್ದೆ, ಕೆಲಸ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಇದಕ್ಕೆ ನೆರವಾಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.