ಗರಗಸಕ್ಕೆ ಅವಸರ ತಿಳಿಯದು

ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಕಡೆಗೆ ಬೆಳಗಿನ ಹೊತ್ತು ಪಯಣಿಸುವವರ ಕಿವಿಗೆ, ತೆಂಗಿನ ತೋಟಗಳ ನಡುವಿನಿಂದ ಒಮ್ಮೊಮ್ಮೆ ಕರ್ಕಶವಾದ ಧ್ವನಿಯೊಂದು ಬೀಳುತ್ತದೆ. ಅರಕಲಗೂಡು ತಾಲ್ಲೂಕಿಗೆ ಹೋದರೂ ಅದೇ ಧ್ವನಿ. ರಾಮನಾಥಪುರದ ಸುತ್ತಿನ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಿಗೆ ಸೌದೆ ಬೇಕಲ್ಲವೆ? ಹಿಂದೆ ದಿಮ್ಮಿಯ ಮೇಲೊಬ್ಬ, ಗುಂಡಿಯೊಳಗೊಬ್ಬ ನಿಂತು ದಿನವೆಲ್ಲ ಗರಗಸ ಎಳೆಯುತ್ತಿದ್ದರು. ಇಂದು ಒಬ್ಬನೇ ಆಳು, ಪೆಟ್ರೋಲಿನ ಯಂತ್ರವೊಂದನ್ನು ಹಿಡಿದು, ನಿಮಿಷಗಳಲ್ಲಿ ಮರವನ್ನು ತುಂಡರಿಸುತ್ತಾನೆ.

ಈ ಸರಪಳಿ ಗರಗಸದ ಹುಟ್ಟು ಕುತೂಹಲಕರವಾದುದು. ಅದರ ಮೊದಲ ರೂಪವನ್ನು 18ನೆಯ ಶತಮಾನದ ಕೊನೆಯಲ್ಲಿ ಬಳಸಿದವರು ಮರ ಕಡಿಯುವವರಲ್ಲ, ಸ್ಕಾಟ್ಲೆಂಡಿನ ಶಸ್ತ್ರವೈದ್ಯರು, ಕತ್ತರಿಸಿದ್ದು ಮೂಳೆಯನ್ನು! ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಮರಗರಗಸವನ್ನು ರಚಿಸಿದನು. 1946ರಲ್ಲಿ ಅಮೆರಿಕದ ಜೋ ಕಾಕ್ಸ್ ಎಂಬಾತ, ಮರ ಕೊರೆಯುವ ಹುಳುವೊಂದು ಎಡಕ್ಕೂ ಬಲಕ್ಕೂ ಕಚ್ಚುತ್ತ ಸಾಗುವುದನ್ನು ಕಂಡು, ಅದರಂತೆಯೇ ಸರಪಳಿಗೆ ಹಲ್ಲು ಕೂಡಿಸಿದನು. ಕುರುವಾಯಿ ದುಂಬಿಯನ್ನು ಶಪಿಸುವ ನಮ್ಮ ತೆಂಗಿನ ರೈತರು, ಕೊರೆಹುಳುವೊಂದು ಗುರುವಾದ ಈ ಕಥೆಯನ್ನು ಕೇಳಿ ನಕ್ಕಾರು.

ಆದರೆ ನಾನು ಹೇಳಹೊರಟಿರುವ ಪ್ರಸಂಗ ನಗುವಿನದಲ್ಲ. ಕಳೆದ ಬೇಸಗೆಯಲ್ಲಿ ನಮ್ಮ ಸೋದರಮಾವನವರ ತೋಟದಲ್ಲಿ ಸುಳಿ ಒಣಗಿದ ಏಳು ತೆಂಗಿನ ಮರಗಳನ್ನು ಉರುಳಿಸಬೇಕಾಗಿತ್ತು. ಗರಗಸ ಹೊತ್ತು ಬಂದವನು ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗ. ಸಾಲ ಮಾಡಿ ಕೊಂಡ ಯಂತ್ರ. ಮರವೊಂದಕ್ಕೆ ಇಷ್ಟೆಂದು ಕೂಲಿ. ಇಪ್ಪತ್ತು ಬಾರಿ ಹಗ್ಗ ಎಳೆದರೂ ಎಂಜಿನ್ ಹೊರಡಲಿಲ್ಲ.

“ಬಿಸಿಲೇರಿತು, ಇನ್ನೂ ಒಂದು ಮರವೂ ಬಿದ್ದಿಲ್ಲವಲ್ಲಪ್ಪ!” ಎಂದರು ಮಾವ.

ಹುಡುಗನ ಮುಖ ಕೆಂಪಾಯಿತು. ಯಂತ್ರವನ್ನು ಒಂದು ಕೈಯಲ್ಲಿ ತೂಗುಹಾಕಿ, ಇನ್ನೊಂದು ಕೈಯಿಂದ ಹಗ್ಗವನ್ನು ರಭಸದಿಂದ ಸೆಳೆದನು. ಅದು ಒಮ್ಮೆಲೇ ಅಬ್ಬರಿಸಿ ತಿರುಗಿತು. ಎಡತೊಡೆಯ ಬಟ್ಟೆ ಗೇಣುದ್ದ ಹರಿಯಿತು. ಚರ್ಮಕ್ಕೆ ತಗುಲಲಿಲ್ಲ. ಬೆರಳಗಲ ಈಚೆಗೆ ಸರಿದಿದ್ದರೆ ಆ ಮನೆಯ ಗತಿಯೇನು? ಅವನು ಮರದ ಬುಡದಲ್ಲಿ ಕುಳಿತು, “ತಪ್ಪು ನನ್ನದೇ, ಸಾರ್. ಬ್ರೇಕ್ ಹಾಕಿರಲಿಲ್ಲ” ಎಂದನು.

ಹೊರಡದ ಯಂತ್ರ ಅಪಾಯವಿಲ್ಲದ್ದೆಂದು ನಾವು ತಿಳಿಯುತ್ತೇವೆ. ಕೈಗೆ ಅವಸರವನ್ನೂ ಮನಸ್ಸಿಗೆ ಸಿಟ್ಟನ್ನೂ ತರುವುದು ಅದೇ ಎಂಬುದನ್ನು ಆ ದಿನ ಕಂಡೆ.

ಏಕೆ ಹೊರಡುವುದಿಲ್ಲ?

ಎಂಜಿನ್ನಿಗೆ ಬೇಕಾದುದು ಮೂರೇ: ಗಾಳಿ, ಇಂಧನ, ಕಿಡಿ. ತಣ್ಣಗಿರುವ ಯಂತ್ರಕ್ಕೆ ಚೋಕ್ ಹಾಕಿ ಹಗ್ಗ ಎಳೆಯಬೇಕು. ಒಮ್ಮೆ ಕೆಮ್ಮಿದೊಡನೆ ಚೋಕ್ ತೆಗೆದು ಮತ್ತೆ ಎಳೆಯಬೇಕು. ಆ ಕೆಮ್ಮನ್ನು ಕೇಳಿಸಿಕೊಳ್ಳದೆ ಎಳೆಯುತ್ತಲೇ ಹೋದರೆ ಪೆಟ್ರೋಲು ಒಳಗೆ ತುಂಬಿ ಪ್ಲಗ್ ನೆನೆಯುತ್ತದೆ. ನಮ್ಮ ಹುಡುಗನಿಗಾದುದು ಇದೇ. ಆಗ ಪ್ಲಗ್ ಬಿಚ್ಚಿ ಒರಸಿ, ಸ್ವಿಚ್ಚು ಆರಿಸಿ, ಚೋಕಿಲ್ಲದೆ ಕೆಲವು ಬಾರಿ ಹಗ್ಗವೆಳೆದರೆ ಹೆಚ್ಚಿನ ಇಂಧನ ಹೊರಬೀಳುತ್ತದೆ. ಪ್ಲಗ್ ಒಣಗಿಯೇ ಇದ್ದರೆ ಇಂಧನ ಬರುತ್ತಿಲ್ಲವೆಂದು ಅರ್ಥ. ಟ್ಯಾಂಕಿನೊಳಗಿನ ಸೋಸುಕವನ್ನು ನೋಡಬೇಕು. ಗಾಳಿಯ ಸೋಸುಕದಲ್ಲಿ ಮರದ ಪುಡಿ ಕಟ್ಟಿದ್ದರೂ ತೊಂದರೆಯೇ. ಪ್ಲಗ್ ಕರಿಕಟ್ಟಿದ್ದರೆ ಶುಚಿ ಮಾಡಬೇಕು. ಅದರ ತುದಿಯ ಸಂದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟಿರುತ್ತದೆ.

ಇಂದಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಅದು ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಇಟ್ಟದ್ದನ್ನು ಬಳಸಬಾರದು. ಅನೇಕ ಯಂತ್ರಗಳಿಗೆ ಲೀಟರಿಗೆ 20 ಮಿಲಿಲೀಟರಿನಂತೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಬೇಕು. ನಿಮ್ಮ ಯಂತ್ರದ ಕೈಪಿಡಿ ಹೇಳಿದ ಪ್ರಮಾಣವೇ ಪ್ರಮಾಣ.

ಕೈಕಾಲುಗಳ ಕಾಪು

ಯಂತ್ರವನ್ನು ನೆಲದ ಮೇಲಿಟ್ಟು, ಸರಪಳಿಯ ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲಿನ ತುದಿಯನ್ನೂರಿ, ಎಡಗೈಯಿಂದ ಮುಂದಿನ ಹಿಡಿಯನ್ನು ಅದುಮಿ ಹಗ್ಗ ಎಳೆಯತಕ್ಕದ್ದು. ಚೋಕಿನಿಂದ ಹೊರಟ ಎಂಜಿನ್ ಮೊದಲೇ ವೇಗವಾಗಿ ಓಡುವುದರಿಂದ, ಬ್ರೇಕ್ ಇಲ್ಲದಿದ್ದರೆ ಸರಪಳಿಯೂ ಕೂಡಲೇ ತಿರುಗುತ್ತದೆ. ಇಂಧನ ತುಂಬಿದ ಸ್ಥಳದಿಂದ ಮೂರು ಮೀಟರಾದರೂ ದೂರ ಸರಿದು ಹೊರಡಿಸಬೇಕು.

ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸವು ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಒದೆಯುತ್ತದೆ. ಆದುದರಿಂದ ತುದಿಯಿಂದ ಕೊಯ್ಯಬಾರದು. ಭುಜಕ್ಕಿಂತ ಮೇಲೆ ಎತ್ತಬಾರದು. ಎರಡು ಕೈಗಳನ್ನೂ ಬಿಡಬಾರದು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು ಮತ್ತು ತೊಡೆಗಾಪು ಇರಲಿ.

ಉರುಳಿಸುವ ಮುನ್ನ ತಲೆಯೆತ್ತಿ ನೋಡಿರಿ: ಒಣ ಮಟ್ಟೆಯೂ ಕಾಯಿಯೂ ಮೊದಲು ಬೀಳುತ್ತವೆ. ಮರದ ಎರಡರಷ್ಟು ಉದ್ದದ ದೂರದೊಳಗೆ ಬೇರೆಯವರು ಇರಕೂಡದು. ಬೀಳುವ ಕಡೆಗೆ ದಪ್ಪದ ಐದನೆಯ ಒಂದು ಭಾಗದಷ್ಟು ಕಚ್ಚು ಹಾಕಿ, ಹಿಂಬದಿಯಿಂದ ಕೊಯ್ಯುವಾಗ ನಡುವೆ ಹತ್ತನೆಯ ಒಂದು ಭಾಗವನ್ನು ಕೀಲಿನಂತೆ ಉಳಿಸಬೇಕು. ತೆಂಗು ಹೊರಗೆ ಗಟ್ಟಿ, ಒಳಗೆ ಮೆದು. ಅದರ ಕೀಲನ್ನೇ ನಂಬದೆ ಹಗ್ಗ ಕಟ್ಟಿ ಎಳೆಯುವುದು ಕ್ಷೇಮ. ಬೇರೆ ಜಾತಿಯ ಮರವಾದರೆ, 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿರಿ.

ವಾರದ ಬಳಿಕ ಹುಡುಗ ಉಳಿದ ಮರಗಳಿಗಾಗಿ ಮತ್ತೆ ಬಂದನು. ಅಂದೂ ಯಂತ್ರ ಮೂರೆಳೆತಕ್ಕೆ ಹೊರಡಲಿಲ್ಲ. ಅವನು ಅದನ್ನು ನೆಲಕ್ಕಿಟ್ಟು, ಪ್ಲಗ್ ಬಿಚ್ಚಿ, ನಿಧಾನವಾಗಿ ಒರಸತೊಡಗಿದನು. ಮಾವ ಏನೋ ಹೇಳಲೆಂದು ಬಾಯಿ ತೆರೆದವರು, ಹಾಗೆಯೇ ಒಳಕ್ಕೆ ಹೋಗಿ, ಒಂದು ಚೆಂಬು ಮಜ್ಜಿಗೆ ತಂದು ಅವನ ಮುಂದಿಟ್ಟರು.